ಘಟಪ್ರಭೆಯ ಮಡಿಲಲ್ಲಿ ಮನೆ: ನಿವೇಶನ ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

ಗೋಕಾಕ: ನಗರದ ಗದ್ದಲದಿಂದ ದೂರ, ಗಿಡಮರಗಳ ನಡುವೆ ಒಂದು ಸ್ವಂತ ಮನೆ ಇರಬೇಕೆಂಬ ಹಂಬಲ ಯಾರಿಗಿಲ್ಲ? ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲ್ಲೂಕುಗಳು ಈ ಹಂಬಲಕ್ಕೆ ಹೇಳಿ ಮಾಡಿಸಿದಂತಿವೆ. ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಗೋಕಾಕ ಜಲಪಾತ, ಮಾರ್ಕಂಡೇಯ ನದಿಯ ಗೊಡಚಿನಮಲ್ಕಿ ಜಲಪಾತ, ಘಟಪ್ರಭಾ ಪಕ್ಷಿಧಾಮ, ಹಿಡಕಲ್ ಜಲಾಶಯದ ಹಿನ್ನೀರು, ಕಾಲುವೆಯುದ್ದಕ್ಕೂ ಹಬ್ಬಿದ ಕಬ್ಬಿನ ಹಸಿರು ನೋಡಿದವರನ್ನು ಸೆಳೆಯದೆ ಇರವು.

ಆದರೆ ನಿಸರ್ಗದ ಹೆಸರಿನಲ್ಲಿ ಮಾರಾಟಕ್ಕಿಟ್ಟ ಜಾಗವೆಲ್ಲ ಮನೆ ಕಟ್ಟಲು ಯೋಗ್ಯವಾದ ನಿವೇಶನವಲ್ಲ. ಜೀವಮಾನದ ಉಳಿತಾಯವನ್ನು ತೊಡಗಿಸುವ ಮುನ್ನ ಕಾಗದಪತ್ರವನ್ನೂ ನೆಲವನ್ನೂ ಸಮನಾಗಿ ಪರೀಕ್ಷಿಸುವುದು ಅವಶ್ಯಕ.

ಜಮೀನೋ, ನಿವೇಶನವೋ?

ರಾಜ್ಯದ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು 2020ರಲ್ಲಿ ರದ್ದಾದ ಬಳಿಕ ಕೃಷಿಕರಲ್ಲದವರೂ ಕೃಷಿ ಜಮೀನನ್ನು ಕೊಳ್ಳಬಹುದಾಗಿದೆ. ಆದರೆ ಜಮೀನು ಕೊಳ್ಳುವ ಹಕ್ಕು ಬೇರೆ, ಅಲ್ಲಿ ಬಡಾವಣೆ ಮಾಡಿ ಮನೆ ಕಟ್ಟುವ ಹಕ್ಕು ಬೇರೆ. ಅದಕ್ಕೆ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂ ಪರಿವರ್ತನೆಯಾಗಿರಬೇಕು. ವಿನ್ಯಾಸ ನಕ್ಷೆಗೆ ಸಕ್ಷಮ ಪ್ರಾಧಿಕಾರದ ಅನುಮೋದನೆ ದೊರೆತಿರಬೇಕು.

'ತೋಟದ ಪ್ಲಾಟ್' ಎಂಬ ಹೆಸರಿನಲ್ಲಿ ಐದಾರು ಗುಂಟೆಯ ತುಂಡುಗಳನ್ನು ಮಾರುವಾಗ ಎಚ್ಚರಿಕೆ ಬೇಕು. ಒಂದು ಗುಂಟೆ ಎಂದರೆ 1089 ಚದರಡಿ. ಪ್ರತ್ಯೇಕ 11ಇ ನಕ್ಷೆಯಾಗದೆ, ಒಂದೇ ಪಹಣಿಯಲ್ಲಿ ಹತ್ತಾರು ಖರೀದಿದಾರರ ಹೆಸರು ಜಂಟಿಯಾಗಿ ಸೇರಿದ್ದರೆ, ನಿಮ್ಮ ಪಾಲು ಎಲ್ಲಿಂದ ಎಲ್ಲಿಯವರೆಗೆ ಎಂಬುದು ಕಾಗದದಲ್ಲಿ ಸಿಗುವುದಿಲ್ಲ. ಅಂತಹ ಜಾಗಕ್ಕೆ ಬ್ಯಾಂಕ್ ಸಾಲ ದೊರೆಯುವುದು ಕಷ್ಟ. ಮುಂದೆ ಮಾರುವುದು ಇನ್ನೂ ಕಷ್ಟ.

ಬಡಾವಣೆಯ ವಿಸ್ತೀರ್ಣ 500 ಚದರ ಮೀಟರ್ ಮೀರಿದ್ದರೆ ಅದು 2016ರ ರೇರಾ ಕಾಯ್ದೆಯಡಿ ನೋಂದಣಿಯಾಗಿರಬೇಕು. ನೋಂದಾಯಿತ ಕರಾರು ಪತ್ರವಿಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯಲು ಆ ಕಾಯ್ದೆ ಅವಕಾಶ ನೀಡುವುದಿಲ್ಲ. ಗ್ರಾಮ ಪಂಚಾಯಿತಿಯ ಇ-ಸ್ವತ್ತಿನಲ್ಲಿ ಅಧಿಕೃತ ನಿವೇಶನಕ್ಕೆ ನಮೂನೆ 9 ಮತ್ತು 11ಎ ದೊರೆಯುತ್ತವೆ. 11ಬಿ ತೋರಿಸಿದರೆ ಅದು ಬೇರೆ ವರ್ಗದ ಆಸ್ತಿ ಎಂಬುದು ನೆನಪಿರಲಿ.

ಹಿಂದಿನ ಮಾಲೀಕರು ಯಾರು?

ಕನಿಷ್ಠ 30 ವರ್ಷಗಳ ಋಣಭಾರ ಪತ್ರ ಹಾಗೂ ಹಳೆಯ ಪಹಣಿಗಳನ್ನು ಪಡೆದು ವಕೀಲರಿಂದ ಪರಿಶೀಲಿಸಿಕೊಳ್ಳಬೇಕು. ಮೂಡಲಗಿಯು ಗೋಕಾಕದಿಂದ ಬೇರ್ಪಟ್ಟ ಹೊಸ ತಾಲ್ಲೂಕಾದ್ದರಿಂದ ಅಲ್ಲಿನ ಹಳೆಯ ದಾಖಲೆಗಳು ಗೋಕಾಕ ತಾಲ್ಲೂಕಿನ ಹೆಸರಿನಲ್ಲಿರುತ್ತವೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು 1978ರ ಕಾಯ್ದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಳ್ಳುವಂತಿಲ್ಲ. 2023ರ ತಿದ್ದುಪಡಿಯ ನಂತರ ಇಂತಹ ಪ್ರಕರಣಗಳಿಗೆ ಕಾಲಮಿತಿಯ ಅಡ್ಡಿಯೂ ಇಲ್ಲ. ಪಿತ್ರಾರ್ಜಿತ ಜಮೀನಾದರೆ ಅಣ್ಣತಮ್ಮಂದಿರ ಸಹಿಯಷ್ಟೇ ಸಾಲದು. 2005ರ ಉತ್ತರಾಧಿಕಾರ ತಿದ್ದುಪಡಿಯನ್ವಯ ಹೆಣ್ಣುಮಕ್ಕಳಿಗೂ ಸಮಾನ ಹಕ್ಕಿದೆ.

ನದಿ ಬಂದು ಹೋದ ಜಾಗ

ಈ ಸೀಮೆಯಲ್ಲಿ ನದಿಯೇ ಆಕರ್ಷಣೆ, ನದಿಯೇ ಅಪಾಯ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಮತ್ತು ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕ ಪಟ್ಟಣದ ತಗ್ಗು ಪ್ರದೇಶಗಳು ಜಲಾವೃತವಾದವು. 2021 ಮತ್ತು 2024ರ ಜುಲೈನಲ್ಲಿಯೂ ಪ್ರವಾಹ ಮರುಕಳಿಸಿ ಲೋಳಸೂರ ಸೇತುವೆ ನೀರಿನಡಿ ಸಿಲುಕಿತು. 51 ಟಿಎಂಸಿ ಅಡಿ ಸಾಮರ್ಥ್ಯದ ಹಿಡಕಲ್ ಜಲಾಶಯ ತುಂಬಿದಾಗ ಹೊರಬಿಡುವ ನೀರು ಇದೇ ತೀರಗಳನ್ನು ಹಾಯ್ದು ಸಾಗುತ್ತದೆ. ಗುಡ್ಡದ ಬುಡವೂ ಸಂಪೂರ್ಣ ಸುರಕ್ಷಿತವಲ್ಲ. 2019ರ ಅಕ್ಟೋಬರ್‌ನಲ್ಲಿ ಗೋಕಾಕದ ಮಲ್ಲಿಕಾರ್ಜುನ ಗುಡ್ಡದ ಬೃಹತ್ ಬಂಡೆಗಳು ಉರುಳುವ ಭೀತಿ ಎದುರಾಗಿತ್ತು.

ಆದ್ದರಿಂದ ಜಾಗವನ್ನು ಎರಡು ಬಾರಿಯಾದರೂ ನೋಡಬೇಕು: ಆಗಸ್ಟ್‌ನಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ. ಮೊದಲನೆಯದು ನೆರೆಗಾಗಿ, ಎರಡನೆಯದು ಬರಕ್ಕಾಗಿ. 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಪಕ್ಕದ ಹೊಲದ ಹಿರಿಯರನ್ನು ಕೇಳಿದರೆ ಕೈ ಮಾಡಿ ತೋರಿಸುತ್ತಾರೆ. ಈ ಮಾಹಿತಿ ಯಾವ ಕರಪತ್ರದಲ್ಲಿಯೂ ಇರುವುದಿಲ್ಲ.

ಮಣ್ಣು, ನೀರು, ವಿದ್ಯುತ್

ಎರೆಮಣ್ಣು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಅಡಿಪಾಯದ ಖರ್ಚು ಹೆಚ್ಚುತ್ತದೆ. ಮಣ್ಣು ಪರೀಕ್ಷೆ ಮಾಡಿಸುವುದು ಒಳಿತು. ಕಾಲುವೆ ಪಕ್ಕದಲ್ಲಿದೆ ಎಂದ ಮಾತ್ರಕ್ಕೆ ಮನೆಗೆ ನೀರು ಸಿಗುವುದಿಲ್ಲ, ಅದು ನೀರಾವರಿಗೆ ಮೀಸಲಾದದ್ದು. ಕೊಳವೆಬಾವಿಯ ಇಳುವರಿಯನ್ನು ಬೇಸಿಗೆಯಲ್ಲಿಯೇ ಅಳೆಯಬೇಕು. ವಿದ್ಯುತ್ ಸಂಪರ್ಕಕ್ಕೆ ಗೋಕಾಕ, ಮೂಡಲಗಿಯಲ್ಲಿ ಹೆಸ್ಕಾಂ ಇದ್ದರೆ, ಹುಕ್ಕೇರಿ ತಾಲ್ಲೂಕಿನಲ್ಲಿ ಗ್ರಾಹಕರೇ ಸದಸ್ಯರಾಗಿರುವ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೇ ಸೇವೆ ಒದಗಿಸುತ್ತ ಬಂದಿದೆ.

ಪಕ್ಷಿಧಾಮದ ಸಮೀಪ ಜಾಗ ಕೊಳ್ಳುವವರು ನಿರ್ಮಾಣಕ್ಕೆ ನಿರ್ಬಂಧವಿದೆಯೇ ಎಂದು ಅರಣ್ಯ ಇಲಾಖೆಯಲ್ಲಿ ಲಿಖಿತವಾಗಿ ವಿಚಾರಿಸಬೇಕು.

ಸಾಮೂಹಿಕ ತೋಪು ಯಾರದು?

ನಿಸರ್ಗ ಬಡಾವಣೆಗಳ ನಿಜವಾದ ಬಂಡವಾಳವೆಂದರೆ ಅಲ್ಲಿನ ತೋಪು, ಕೆರೆ ಹಾಗೂ ಕಾಲುದಾರಿಗಳು. ಇವು ನಿವಾಸಿಗಳ ಸಂಘಕ್ಕೋ ಸ್ಥಳೀಯ ಸಂಸ್ಥೆಗೋ ವಿಧಿವತ್ತಾಗಿ ಹಸ್ತಾಂತರವಾಗದೆ ಮಾರಾಟಗಾರರ ಹೆಸರಿನಲ್ಲಿಯೇ ಉಳಿದರೆ, ಇಂದಿನ ಮಾವಿನ ತೋಪು ನಾಳೆ ಇನ್ನೊಂದು ಸಾಲು ನಿವೇಶನವಾಗಬಹುದು. ಮರ ನೋಡಿ ಹಣ ಕೊಟ್ಟವರಿಗೆ ಆಗ ಉಳಿಯುವುದು ನಿರಾಸೆ ಮಾತ್ರ.

ಹಸಿರಿನ ನಡುವೆ ಬದುಕುವ ಆಸೆ ತಪ್ಪಲ್ಲ. ಪಹಣಿ, ಪರಿವರ್ತನೆ ಆದೇಶ, ಅನುಮೋದಿತ ನಕ್ಷೆ, ರೇರಾ ಸಂಖ್ಯೆ, ಪಂಚಾಯಿತಿಯ ನಮೂನೆಗಳು, ಇವಿಷ್ಟೂ ಕೈಗೆ ಬಂದ ಬಳಿಕವೇ ಮುಂಗಡ ಕೊಡುವುದು ಕ್ಷೇಮಕರ. ಜಾಗ ಕೈತಪ್ಪೀತೆಂದು ಅವಸರಪಡಿಸುವವರಿಗೆ, ಮಳೆಗಾಲ ಮುಗಿಯಲಿ ಎಂದು ಹೇಳಿ ಕಾಯುವುದೇ ಜಾಣತನ.