ಕೂದಲಿನ ಗೂಡು: ಕೊಯ್ಯಬೇಕೋ, ಬೇಡವೋ?

ಶಾಸನ, ಶಾಲೆ, ಗಡಿ ಚಳವಳಿಗಳ ಬಗ್ಗೆ ಮಾತಾಡಿದ ವಿದ್ವಾಂಸರ ನಡುವೆ ನಾನೊಬ್ಬ ಸರ್ಜನ್. ಅಕ್ಕಲಕೋಟೆ ಭಾಗದ ರೋಗಿಗಳನ್ನು ಕನ್ನಡದಲ್ಲಿ ಮಾತಾಡಿಸಿ, ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆದು, ಒಪ್ಪಿಗೆ ಪತ್ರಕ್ಕೆ ಮರಾಠಿಯಲ್ಲಿ ಸಹಿ ಹಾಕಿಸಿಕೊಳ್ಳುವುದು ನನ್ನ ದಿನದ ಕೆಲಸ. ಇವತ್ತು ನಾನು ಹೇಳಹೊರಟಿರುವುದು, ಹೆಸರು ಹೇಳೋಕೂ ಮಂದಿ ನಾಚಿಕೊಳ್ಳುವ ಒಂದು ರೋಗದ ಚರಿತ್ರೆ.

ಇದಕ್ಕೆ ಕಾರಣ ಒಬ್ಬ ಹುಡುಗ. ಟ್ರ್ಯಾಕ್ಟರ್ ಓಡಿಸುವವನು. ಪೃಷ್ಠದ ಸೀಳಿನ ಮೇಲ್ತುದಿಯಲ್ಲಿ, ಬಾಲದೆಲುಬಿನ ಹತ್ತಿರ ಸಣ್ಣ ತೂತು, ಅದರಿಂದ ಕೀವು. ಬೇರೆ ಕಡೆ ಒಮ್ಮೆ ಆಪರೇಷನ್ ಆಗಿ, ವರ್ಷದೊಳಗೆ ಮತ್ತೆ ಬಂದಿತ್ತು. "ಕೊಯ್ಯೂದು ಬ್ಯಾಡ್ರಿ ಸರ, ಔಷಧದಾಗ ಆಗ್ತದೇನ್ರಿ?" ಅಂತ ಕೇಳಿದ. ಈ ಪ್ರಶ್ನೆಗೆ ಸುಮಾರು 190 ವರ್ಷಗಳ ಇತಿಹಾಸ ಇದೆ.

1833ರಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಮೇಯೊ ಇಂಥ ಕೂದಲು ತುಂಬಿದ ನಾಳವನ್ನು ವರ್ಣಿಸಿದ. 1880ರಲ್ಲಿ ಅಮೆರಿಕದ ಹಾಜಸ್ ಅದಕ್ಕೆ ಪೈಲೋನೈಡಲ್ ಸೈನಸ್ ಅಂತ ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಪೈಲಸ್ ಅಂದರೆ ಕೂದಲು, ನೈಡಸ್ ಅಂದರೆ ಗೂಡು. ಹೆಸರು ಸರಿಯಾಗಿಯೇ ಇತ್ತು, ತಪ್ಪಿದ್ದು ಕಾರಣ. ಇದು ಹುಟ್ಟಿನಿಂದ ಬಂದ ದೋಷ, ಗರ್ಭದಲ್ಲೇ ಉಳಿದುಹೋದ ಚರ್ಮದ ತುಣುಕು ಎಂಬ ನಂಬಿಕೆ ಗಟ್ಟಿಯಾಯಿತು. ಹಾಗೆ ನಂಬಿದ ಮೇಲೆ ಚಿಕಿತ್ಸೆ ಒಂದೇ: ಬೇರುಸಮೇತ ಕಿತ್ತು ತೆಗೆಯುವುದು. ಎಲುಬು ಕಾಣುವ ತನಕ ಅಗಲವಾಗಿ ಕೊಯ್ಯುತ್ತಿದ್ದರು.

ಇದರ ಬೆಲೆ ಲೆಕ್ಕಕ್ಕೆ ಸಿಕ್ಕಿದ್ದು ಎರಡನೇ ಮಹಾಯುದ್ಧದಲ್ಲಿ. ಅಮೆರಿಕದ ಸೇನೆಯ ಸುಮಾರು 80 ಸಾವಿರ ಸೈನಿಕರು ಈ ರೋಗಕ್ಕೆ ಆಸ್ಪತ್ರೆ ಸೇರಿದರು. ಒಬ್ಬೊಬ್ಬರೂ ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ ಹಾಸಿಗೆಯಲ್ಲಿ. 1944ರಲ್ಲಿ ಲೂಯಿ ಬೂಯಿ ಇದನ್ನು ಜೀಪಿನ ರೋಗ ಅಂತ ಕರೆದ. ಕುಲುಕುವ ಜೀಪಿನಲ್ಲಿ ಗಂಟೆಗಟ್ಟಲೆ ಕೂರುವ ಹುಡುಗರಲ್ಲಿ ಅದು ಹೆಚ್ಚು ಕಾಣುತ್ತಿತ್ತು. ಹುಟ್ಟಿನ ದೋಷವಾದರೆ ಜೀಪಿಗೂ ಅದಕ್ಕೂ ಏನು ಸಂಬಂಧ? ಅನುಮಾನ ಬಲವಾದದ್ದು ಇಲ್ಲಿಂದ.

ಉತ್ತರದ ಸುಳಿವು ಸಿಕ್ಕಿದ್ದು ಕ್ಷೌರಿಕರ ಕೈಯಲ್ಲಿ. 1948ರಲ್ಲಿ ಇಂಗ್ಲೆಂಡಿನ ಪೇಟಿ ಮತ್ತು ಸ್ಕಾರ್ಫ್ ಕ್ಷೌರಿಕನೊಬ್ಬನ ಬೆರಳ ಸಂದಿಯಲ್ಲಿದ್ದ ಇಂಥದೇ ನಾಳವನ್ನು ತೋರಿಸಿದರು. ಅದರೊಳಗಿದ್ದ ಕೂದಲು ಅವನದಲ್ಲ, ಗಿರಾಕಿಗಳದು. ಬೆರಳ ಸಂದಿಗೆ ಗರ್ಭದ ಕಥೆ ಹೊಂದುವುದೇ ಇಲ್ಲ. ಅಂದರೆ ಕೂದಲು ಹೊರಗಿನಿಂದ ಚುಚ್ಚಿ ಒಳಗೆ ಹೋಗುತ್ತದೆ. ಸೀಳು ಆಳ, ಬೆವರು, ಉಜ್ಜಾಟ, ಉದುರಿದ ಕೂದಲು ಇವೆಲ್ಲ ಸೇರಿದರೆ ಸಾಕು.

ಕಾರಣ ಬದಲಾದ ಮೇಲೆ ಚಿಕಿತ್ಸೆಯೂ ಸಣ್ಣದಾಯಿತು. 1964ರಲ್ಲಿ ಬ್ರಿಟನ್ನಿನಲ್ಲಿ ನಾಳಕ್ಕೆ ಫೀನಾಲ್ ಹಾಕುವ ಪದ್ಧತಿ ವರದಿಯಾಯಿತು. 1965ರಲ್ಲಿ ಲಾರ್ಡ್ ಮತ್ತು ಮಿಲರ್ ತೂತನ್ನಷ್ಟೇ ಕತ್ತರಿಸಿ, ಸಣ್ಣ ಬ್ರಷ್ಷಿನಿಂದ ಒಳಗಿನ ಕೂದಲು ತೆಗೆದರು. ಗ್ರೀಸಿನ ಸೇನೆಯ ಸರ್ಜನ್ ಕರಿಡಾಕಿಸ್ 1973ರಲ್ಲಿ ಇನ್ನೊಂದು ದಾರಿ ಹೇಳಿದ: ಹೊಲಿಗೆಯನ್ನು ಸೀಳಿನ ನಡುವೆ ಬಿಡಬೇಡಿ, ಪಕ್ಕಕ್ಕೆ ಸರಿಸಿ. ನಡುವಿನ ಗಾಯಕ್ಕೆ ಕೂದಲು ಮತ್ತೆ ಹೊಕ್ಕುತ್ತದೆ, ಪಕ್ಕದ್ದಕ್ಕೆ ಅಷ್ಟು ಹೊಗುವುದಿಲ್ಲ. ಮುಂದೆ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ವಿಮರ್ಶೆಯೂ ಇದನ್ನೇ ಹೇಳಿತು: ಹೊಲಿಯುವುದಾದರೆ ನಡುಗೆರೆ ಬಿಟ್ಟು ಹೊಲಿಯಿರಿ.

ಶಸ್ತ್ರವೇ ಇಲ್ಲದ ದಾರಿಯ ದೊಡ್ಡ ಲೆಕ್ಕ ಸಿಕ್ಕಿದ್ದೂ ಸೇನೆಯಿಂದಲೇ. ಹವಾಯಿಯ ಟ್ರಿಪ್ಲರ್ ಸೇನಾ ಆಸ್ಪತ್ರೆಯಲ್ಲಿ ಎರಡು ವರ್ಷಗಳಲ್ಲಿ 229 ರೋಗಿಗಳಿಗೆ 240 ಆಪರೇಷನ್ ಆಗಿ, 4,760 ಹಾಸಿಗೆ-ದಿನಗಳು ಖರ್ಚಾಗಿದ್ದವು. ಆಮೇಲೆ ಒಂದು ವರ್ಷ 101 ರೋಗಿಗಳಿಗೆ ಅಗಲವಾಗಿ ಕೊಯ್ಯದೆ, ಸುತ್ತಲಿನ ಕೂದಲು ಬೋಳಿಸಿ, ಶುಚಿ ಕಾಪಾಡಿ, ಬಾವು ಬಂದರೆ ಮಾತ್ರ ಸಣ್ಣದಾಗಿ ಸೀಳಿ ಕೀವು ಬಿಟ್ಟರು. ಹಾಸಿಗೆ-ದಿನ 83. ಆರ್ಮ್‌ಸ್ಟ್ರಾಂಗ್ ಮತ್ತು ಬಾರ್ಸಿಯಾ 1994ರಲ್ಲಿ ಇದನ್ನು ಪ್ರಕಟಿಸಿದರು.

ಹಾಗಾದರೆ ಬೋಳಿಸಿದರೆ ಆಯ್ತಲ್ಲ, ಕತ್ತಿ ಯಾಕೆ? ಅಷ್ಟು ಸಲೀಸಲ್ಲ. ಜರ್ಮನಿಯ ಸೈನಿಕರನ್ನು ಬಹುಕಾಲ ಹಿಂಬಾಲಿಸಿದ 2009ರ ಅಧ್ಯಯನದಲ್ಲಿ, ಆಪರೇಷನ್ ನಂತರ ರೇಜರಿನಿಂದ ಬೋಳಿಸಿಕೊಂಡವರಲ್ಲೇ ರೋಗ ಹೆಚ್ಚು ಮರುಕಳಿಸಿತ್ತು: 30.1%, ಬೋಳಿಸದವರಲ್ಲಿ 19.7%. ಕತ್ತರಿಸಿದ ಕೂದಲಿನ ತುದಿ ಚೂಪು ಎಂಬುದನ್ನು ನೆನೆದರೆ ಇದು ವಿಚಿತ್ರವಲ್ಲ. 2018ರಲ್ಲಿ ನಾಳದ ಕೂದಲನ್ನು ಪರೀಕ್ಷಿಸಿದಾಗ, ತಲೆಯಿಂದ ಉದುರಿದ ಚೂಪು ತುದಿಯ ತುಣುಕುಗಳೇ ಬಹಳ ಸಿಕ್ಕವು. ಈಗ ಲೇಸರ್ ಬಂದಿದೆ. ಅಮೆರಿಕದಲ್ಲಿ 11ರಿಂದ 21 ವಯಸ್ಸಿನ 302 ಮಂದಿಯ ಪ್ರಯೋಗದಲ್ಲಿ, ಲೇಸರಿನಿಂದ ಕೂದಲು ತೆಗೆಸಿಕೊಂಡವರಲ್ಲಿ ಒಂದು ವರ್ಷದೊಳಗೆ ಮರುಕಳಿಸಿದ್ದು 10.4%, ಉಳಿದವರಲ್ಲಿ 33.6%.

ನಮ್ಮ ಊರುಗಳಲ್ಲಿ ಈ ಪ್ರಶ್ನೆ ಇನ್ನೊಂದು ರೂಪದಲ್ಲಿ ಬರುತ್ತದೆ: "ದಾರ ಕಟ್ಟಿಸಲೇನ್ರಿ?" ಸುಶ್ರುತ ಸಂಹಿತೆ ನಾಡೀವ್ರಣದ ಒಂದು ಬಗೆಗೆ ಒಳಗೆ ಸಿಕ್ಕಿದ ಹೊರವಸ್ತುವೇ ಕಾರಣ ಅನ್ನುತ್ತದೆ. ಬಡಕಲು, ದುರ್ಬಲ, ಅಂಜುವ ರೋಗಿಗಳಲ್ಲಿ, ಮರ್ಮಸ್ಥಾನದ ನಾಳಗಳಲ್ಲಿ ಶಸ್ತ್ರದ ಬದಲು ಕ್ಷಾರಸೂತ್ರ ಬಳಸಿ ಅಂತಲೂ ಹೇಳುತ್ತದೆ. ಕಳ್ಳಿಹಾಲು, ಉತ್ತರಾಣಿ ಕ್ಷಾರ, ಅರಿಶಿನ ಸವರಿದ ಈ ದಾರವನ್ನು ಆಧುನಿಕ ಕಾಲದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯ ಮತ್ತೆ ಚಾಲ್ತಿಗೆ ತಂದಿತು. 1991ರ ಬಹುಕೇಂದ್ರ ಪ್ರಯೋಗದಲ್ಲಿ ಭಗಂದರ ಮರುಕಳಿಸುವುದು ಶಸ್ತ್ರಕ್ಕಿಂತ ದಾರದಲ್ಲಿ ಕಡಿಮೆ ಇತ್ತು, ಆದರೆ ಮಾಯಲು ಹೆಚ್ಚು ವಾರ ಹಿಡಿಯಿತು. ಗಮನಿಸಿ, ಆ ಪ್ರಯೋಗ ಭಗಂದರದ್ದು, ಕೂದಲಿನ ಗೂಡಿನದಲ್ಲ. ಒಂದರ ಪುರಾವೆಯನ್ನು ಇನ್ನೊಂದಕ್ಕೆ ಹಚ್ಚುವ ಹಾಗಿಲ್ಲ. ಮೇಲಾಗಿ ದಾರವೂ ನಿಧಾನವಾಗಿ ಕೊಯ್ಯುತ್ತದೆ, ಅದು ಬರೀ ಔಷಧವಲ್ಲ.

ಈ ಚರಿತ್ರೆಯಿಂದ ನನಗೆ ತಿಳಿದದ್ದು ಇಷ್ಟು. ಕೊಯ್ಯುವುದೋ ಬೇಡವೋ ಎಂಬುದು ಜಗಳದ ವಿಷಯವಲ್ಲ, ರೋಗದ ಹಂತದ ವಿಷಯ. ತೊಂದರೆ ಕೊಡದ ತೂತನ್ನು ಕೆದಕಬಾರದು. ಕೀವುಗಟ್ಟಿದ ಬಾವನ್ನು ಸೀಳಲೇಬೇಕು, ಗುಳಿಗೆ ನುಂಗಿ ಕಾಯಬಾರದು. ಸಣ್ಣ ನಾಳಕ್ಕೆ ಸಣ್ಣ ಚಿಕಿತ್ಸೆ ಮೊದಲು. ಕವಲೊಡೆದು ಮತ್ತೆ ಮತ್ತೆ ಬಂದದ್ದಕ್ಕೆ ಆಪರೇಷನ್, ಹೊಲಿಗೆ ಪಕ್ಕಕ್ಕೆ.

ಇನ್ನೊಂದು ಮಾತು. ಈ ಅರಿವಿನ ಬಹುಪಾಲು ಸೇನೆಗಳಿಂದ ಬಂತು, ಯಾಕಂದರೆ ಸೈನಿಕ ಮಲಗಿದ ಪ್ರತಿ ದಿನವನ್ನೂ ಅಲ್ಲಿ ಎಣಿಸುತ್ತಿದ್ದರು. ದಿನಗೂಲಿಯವನು ಮಲಗಿದ ದಿನ ಅವನ ಮನೆಯವರ ಲೆಕ್ಕದಲ್ಲಿ ಮಾತ್ರ ಇರುತ್ತದೆ. ಹೆಣ್ಣುಮಕ್ಕಳಂತೂ ತೋರಿಸಲೇ ಬರುವುದಿಲ್ಲ.

ಆ ಹುಡುಗನಿಗೆ ಮತ್ತೆ ಆಪರೇಷನ್ ಬೇಕಿತ್ತು. ಗಾಯ ಯಾಕೆ ಪಕ್ಕಕ್ಕೆ ಬರಬೇಕು ಅಂತ ಚಿತ್ರ ಬರೆದು ಕನ್ನಡದಲ್ಲೇ ತಿಳಿಸಿದೆ. ಒಪ್ಪಿದ. ಸಹಿ ಹಾಕುವ ಮೊದಲು ಒಂದೇ ಕೇಳಿದ: "ಎಷ್ಟು ದಿನ ಕೆಲಸ ತಪ್ತದ್ರಿ?" ಈಗ ನಾನೂ ಪ್ರತಿ ರೋಗಿಯ ಚೀಟಿಯಲ್ಲಿ ಆ ದಿನಗಳನ್ನು ಬರೆದಿಡುತ್ತೇನೆ.