ಹೈದರಾಲಿ ದುರ್ಗ ಗೆದ್ದದ್ದು ಹೇಗೆ?

ಹೈದರಾಲಿ ಹೀರೋನಾ, ವಿಲನ್ನಾ? ಸ್ಟುಡಿಯೋದಲ್ಲಿ ಈ ಪ್ರಶ್ನೆ ಎತ್ತಿದರೆ ಒಂದು ಗಂಟೆ ಜಗಳ ಗ್ಯಾರಂಟಿ. ಇವತ್ತು ಅದು ಬೇಡ. ಒಬ್ಬ ಸೇನಾಪತಿಯಾಗಿ ಅವನು ಚಿತ್ರದುರ್ಗದಲ್ಲಿ ಮಾಡಿದ್ದೇನು, ಅಷ್ಟನ್ನು ನೋಡೋಣ.

ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದವನು. ಓದು ಬರಹ ಬರ್ತಿರಲಿಲ್ಲ. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಮೈಸೂರಿನ ನಂಜರಾಜನ ಕಣ್ಣಿಗೆ ಬಿದ್ದ. 1755ರಲ್ಲಿ ದಿಂಡಿಗಲ್‌ನ ಫೌಜುದಾರ. 1761ಕ್ಕೆ ಇಡೀ ಮೈಸೂರೇ ಅವನ ಕೈಯಲ್ಲಿತ್ತು. 1763ರಲ್ಲಿ ಬಿದನೂರು ಬಿತ್ತು. 1769ರಲ್ಲಿ ಮದರಾಸಿನ ಬಾಗಿಲಿಗೇ ಹೋಗಿ ಇಂಗ್ಲಿಷರಿಂದ ಒಪ್ಪಂದ ಮಾಡಿಸಿಕೊಂಡ.

ಇಂಥವನಿಗೂ ದುರ್ಗ ಸುಲಭಕ್ಕೆ ದಕ್ಕಲಿಲ್ಲ. ವಿಜಯನಗರದ ಕಾಲದಲ್ಲಿ ಹೊಳಲ್ಕೆರೆ, ಆಮೇಲೆ ಹಿರಿಯೂರಿನ ಅಧಿಕಾರ ಪಡೆದು ದುರ್ಗಕ್ಕೆ ಬಂದ ನಾಯಕರ ಮನೆತನ ಅದು. ಏಳು ಸುತ್ತಿನ ಕೋಟೆ. ಒಂದು ಹೊಂಡ ತುಂಬಿದರೆ ನೀರು ಕೆಳಗಿನ ಹೊಂಡಕ್ಕೆ. ಇಂಜಿನಿಯರಿಂಗ್ ಓದಿದ ನನಗೆ ಈ ಡಿಸೈನ್‌ನಲ್ಲಿ ತಪ್ಪೇ ಕಾಣಲ್ಲ.

ಕೊನೆಯ ಮದಕರಿ ನಾಯಕ ಮೊದಲು ಹೈದರನ ಪರವಾಗಿಯೇ ಯುದ್ಧಕ್ಕೆ ಹೋಗಿದ್ದವನು. ಮರಾಠರು ಬಂದಾಗ ಯಾರು ಗೆಲ್ಲುತ್ತಾರೋ ನೋಡೋಣ ಅಂತ ಕಾದ. ಹೈದರ್ ಅದನ್ನು ಮರೆಯಲಿಲ್ಲ. 1777ರ ಮುತ್ತಿಗೆ ಭಾರಿ ದಂಡದ ಹಣದಲ್ಲಿ ಮುಗಿಯಿತು. ಮತ್ತೆ ಬಂದ, ತಿಂಗಳುಗಟ್ಟಲೆ ಕೂತರೂ ಗೋಡೆ ಬಗ್ಗಲಿಲ್ಲ. ಕೊನೆಗೆ 1779ರಲ್ಲಿ ನಾಯಕನ ಸೇನೆಯೊಳಗಿದ್ದ ಕೆಲವು ಅಧಿಕಾರಿಗಳೇ ಕೈಕೊಟ್ಟರು. ದುರ್ಗ ಬಿತ್ತು.

ಕಾವಲುಗಾರನ ಹೆಂಡತಿ ಓಬವ್ವ ಒನಕೆ ಹಿಡಿದು ಕಿಂಡಿ ಕಾಯ್ದಳು ಅಂತ ಜನ ಇವತ್ತಿಗೂ ಹೇಳ್ತಾರೆ. ಸಂಬಳ, ಪದವಿ ಎರಡೂ ಇದ್ದವರು ಕೋಟೆ ಬಿಟ್ಟುಕೊಟ್ಟರು.

ಆಮೇಲಿನದ್ದನ್ನು ನಾವು ಚರ್ಚಿಸೋದೇ ಇಲ್ಲ. ನಾಯಕನ ಕುಟುಂಬ ಶ್ರೀರಂಗಪಟ್ಟಣದಲ್ಲಿ ಸೆರೆಯಾಯಿತು. 20,000 ಬೇಡರನ್ನು ಅಲ್ಲಿಗೇ ಸಾಗಿಸಿ, ಅವರ ಹುಡುಗರನ್ನು ಬಲವಂತವಾಗಿ ಮತಾಂತರಿಸಿ ‘ಚೇಲಾ’ ಪಡೆ ಕಟ್ಟಿದ ಅಂತ ಬ್ರಿಟಿಷ್ ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ಕೋಟೆ ಮತ್ತೆ ತಲೆ ಎತ್ತಬಾರದು ಅಂದರೆ ಕಲ್ಲು ಕೆಡವಿದರೆ ಸಾಲದು, ಅದನ್ನು ಕಾಯುವ ಜನರನ್ನೇ ಕಿತ್ತು ಹಾಕಬೇಕು. ಹೈದರನಿಗೆ ಈ ಲೆಕ್ಕ ಗೊತ್ತಿತ್ತು.

ಮೂರೇ ವರ್ಷ. 1782ರಲ್ಲಿ ಚಿತ್ತೂರಿನ ಹತ್ತಿರ, ಇಂಗ್ಲಿಷರ ಜೊತೆ ಯುದ್ಧ ನಡೀತಿರುವಾಗಲೇ ಹೈದರ್ ತೀರಿಕೊಂಡ. ಅವನ ಶೌರ್ಯ ದೊಡ್ಡದು, ಒಪ್ಪೋಣ. ಆದರೆ ಸೇನಾಪತಿಯ ಗೆಲುವನ್ನು ಎಣಿಸುವಾಗ, ಊರು ಬಿಟ್ಟು ನಡೆದವರ ತಲೆಗಳನ್ನೂ ಎಣಿಸಬೇಕು ಅಲ್ವಾ?