ಹೈಪರ್‌ಕನ್ವರ್ಜ್ಡ್

‘ಕನ್ವರ್ಜ್’ ಪದದ ಬೇರು ಲ್ಯಾಟಿನ್ನಿನಲ್ಲಿದೆ. ‘ಕಾನ್’ ಎಂದರೆ ಒಟ್ಟಿಗೆ, ‘ವೆರ್ಗೆರೆ’ ಎಂದರೆ ಬಾಗು, ವಾಲು. ಬೇರೆ ಬೇರೆ ಕಡೆಯವು ಒಂದೆಡೆಗೆ ವಾಲಿ ಸೇರುವುದು. ನಮ್ಮ ‘ಕೂಡಲ’ದ ಭಾವವೂ ಇದೇ, ಕೃಷ್ಣೆ, ಮಲಪ್ರಭೆ ಸೇರುವ ಊರಿನ ಹೆಸರಿನಲ್ಲೇ ಅದಿದೆ. ‘ಹೈಪರ್’ ಗ್ರೀಕ್ ಮೂಲದ್ದು, ಮೀರಿದ ಎಂಬರ್ಥದ್ದು. ಒಂದೇ ಯಂತ್ರದೊಳಗೆ ಹಲವು ಕಂಪ್ಯೂಟರುಗಳನ್ನು ನಡೆಸುವ ‘ಹೈಪರ್‌ವೈಸರ್’ ತಂತ್ರಾಂಶದ ನೆನಪೂ ಇಲ್ಲಿದೆ.

ಕಂಪ್ಯೂಟರ್ ವ್ಯವಸ್ಥೆಯ ಹಳೆಯ ಪದ್ಧತಿಯಲ್ಲಿ ಸರ್ವರ್ ಬೇರೆ, ಡಿಸ್ಕುಗಳ ಪೆಟ್ಟಿಗೆ ಬೇರೆ, ನಡುವೆ ಸ್ವಿಚ್ಚು. ಹೊಸದಾದ ಹೈಪರ್‌ಕನ್ವರ್ಜ್ಡ್ ಪದ್ಧತಿಯಲ್ಲಿ ಪ್ರತಿ ಸರ್ವರಿನೊಳಗಿನ ಡಿಸ್ಕುಗಳನ್ನೇ ತಂತ್ರಾಂಶ ಬೆಸೆದು ಒಂದೇ ಕಣಜ ಮಾಡುತ್ತದೆ. 2009ರಲ್ಲಿ ಅಮೆರಿಕದಲ್ಲಿ ಶುರುವಾದ ನುಟಾನಿಕ್ಸ್ ಕಂಪನಿ ಈ ದಾರಿ ತುಳಿದ ಮೊದಲಿಗರಲ್ಲೊಂದು.

ಕೂಡಿಸಿದ್ದಕ್ಕೆ ಬೆಲೆಯೂ ಉಂಟು. ಸುರಕ್ಷತೆಗೆಂದು ದತ್ತಾಂಶದ ಎರಡು ಪ್ರತಿ ಇಟ್ಟರೆ ಕೊಂಡ ಜಾಗದಲ್ಲಿ ಬಳಕೆಗೆ ಸಿಗುವುದು ಸುಮಾರು ಅರ್ಧ. ಡಿಸ್ಕಿನ ಜಾಗವಷ್ಟೇ ಸಾಲದಾದಾಗಲೂ ಎಷ್ಟೋ ಸಲ ಇಡೀ ಸರ್ವರನ್ನೇ ಕೊಳ್ಳಬೇಕಾಗುತ್ತದೆ. ಆದರೂ ಕಂಪ್ಯೂಟರ್ ಸಿಬ್ಬಂದಿ ಕಡಿಮೆಯಿರುವ ಕಚೇರಿಗೆ, ದೂರದ ಶಾಖೆಗೆ ಈ ಪದ್ಧತಿ ಒಪ್ಪುತ್ತದೆ. ಆಸ್ಪತ್ರೆಯ ಸ್ಕ್ಯಾನ್ ಚಿತ್ರಗಳಂತೆ ದತ್ತಾಂಶವೊಂದೇ ಬೆಳೆಯುತ್ತ ಹೋಗುವ ಕಡೆ ಹಳೆಯ ಬೇರೆ ಪೆಟ್ಟಿಗೆಯೇ ಮೇಲು.